ಒಂದು ಹಿಡಿ ಸ್ಲ್ಯಾಬ್

ಅಪ್ಪ ನಮ್ಮ ಮನೆಯ ಸ್ಲ್ಯಾಬನ್ನು ಕೈಚೀಲದಲ್ಲಿ ಹಾಕಿಕೊಂಡು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಂದ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದನಂತೆ, ಕೆಳಗಿಟ್ಟರೆ ಯಾರಾದರೂ ತುಳಿದಾರು ಎಂದು. ನಾನು ಕೆಲಸ ಮಾಡುವ ಲ್ಯಾಬಿಗೆ ಬಂದವನೇ ನನ್ನ ಟೇಬಲ್ಲಿನ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಚೀಲವನ್ನು ಬೋರಲು ಹಾಕಿದ. ಹಿಡಿಯಷ್ಟು ದೊಡ್ಡ ಕಾಂಕ್ರೀಟ್ ಹೆಂಟೆ, ಅದರ ಸುತ್ತ ಬೂದು ಪುಡಿ, ಪುಡಿಯ ನಡುವೆ ನಾಲ್ಕಾರು ಮೆಣಸಿನ ಬೀಜ.

"ನೋಡು, ನಿಮ್ಮ ಮಾಮಾ ಹಾಕಿದ ಸ್ಲ್ಯಾಬು," ಎಂದ. "ಬೆರಳಿಲೆ ತಿಕ್ಕಿದ್ರ ಉದುರಾಕತ್ತೈತಿ. ಪರೀಕ್ಷಾ ಮಾಡಿ ಬರದು ಕೊಡು. ನಾಳೆ ಒಡಸ್ತೀನಿ."

ಮಾಮಾ ಎಂದರೆ ಅಪ್ಪನ ಅಕ್ಕನ ಗಂಡ. ಹಲಗೇರಿಯವರು, ಸುತ್ತಲಿನ ಊರುಗಳಲ್ಲಿ ಮನೆ ಕಟ್ಟಿಸಿ ಕೊಡುವ ಗುತ್ತಿಗೆದಾರರು. ಬ್ಯಾಡಗಿಯ ನಮ್ಮ ಹಳೆಯ ಮನೆಯ ಮೇಲೊಂದು ಮಹಡಿ ಏರಿಸುವ ಕೆಲಸವನ್ನು ಅವರೇ ಹಿಡಿದಿದ್ದರು. ಮಹಡಿಯ ಸ್ಲ್ಯಾಬ್ ಹಾಕಿ, ನೀರು ಕಟ್ಟಿ ಕ್ಯೂರಿಂಗ್ ಮಾಡಿ, ಕೆಳಗಿನ ಹಲಗೆ-ಕಂಬಗಳನ್ನು ಬಿಚ್ಚಿ ಇನ್ನೂ ವಾರವಾಗಿರಲಿಲ್ಲ.

ನಾನು ಕಾಂಕ್ರೀಟ್ ಒಡೆದು ಹೊಟ್ಟೆ ಹೊರೆಯುವವಳು. ಹಾವೇರಿಯಲ್ಲಿ ಡಿಪ್ಲೊಮಾ ಮುಗಿಸಿ ಬಸ್ ನಿಲ್ದಾಣದ ಹಿಂದಿನ ಈ ಎರಡು ಕೋಣೆಯ ಲ್ಯಾಬಿಗೆ ಸೇರಿದೆ, ಇಲ್ಲೇ ಕೂದಲು ನರೆಯಿತು. ಸುತ್ತಮುತ್ತ ಶಾಲೆಯ ಕೋಣೆ ಕಟ್ಟಲಿ, ಬೀಜದ ಗೋದಾಮು ಕಟ್ಟಲಿ, ಕಲ್ಯಾಣ ಮಂಟಪ ಕಟ್ಟಲಿ, ಅದರ ಕಾಂಕ್ರೀಟಿನಲ್ಲಿ ಒಂದಿಷ್ಟನ್ನು ಚೌಕ ಅಚ್ಚುಗಳಲ್ಲಿ ತುಂಬಿ ಗಟ್ಟಿಯಾದ ಮೇಲೆ ನಮ್ಮಲ್ಲಿಗೆ ತರುತ್ತಾರೆ. ಇವಕ್ಕೆ ಕ್ಯೂಬ್ ಎನ್ನುತ್ತೇವೆ. ತೊಟ್ಟಿಯ ನೀರಿನಲ್ಲಿ ವಾರಗಟ್ಟಲೆ ಇಟ್ಟು, ಆಮೇಲೆ ಮಷಿನ್ನಿನ ನಡುವೆ ಕೂರಿಸಿ ಒತ್ತುತ್ತೇವೆ. ಕ್ಯೂಬು ಒಡೆಯುವಾಗ ಮಷಿನ್ನಿನ ಮುಳ್ಳು ಎಲ್ಲಿಗೆ ಹೋಗಿತ್ತೋ ಅದೇ ಆ ಇಡೀ ಕಟ್ಟಡದ ಶಕ್ತಿ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಸಂಬಳದ ದಿನ ನಾನೂ ಒಪ್ಪಿಕೊಳ್ಳುತ್ತೇನೆ.

ನಾವು ಕೊಡುವ ಪ್ರತಿ ರಿಪೋರ್ಟಿನ ಕೆಳಗೂ ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತದೆ: ಈ ಫಲಿತಾಂಶ ಲ್ಯಾಬಿಗೆ ತಂದುಕೊಟ್ಟ ಮಾದರಿಗೆ ಮಾತ್ರ ಅನ್ವಯಿಸುತ್ತದೆ. ಇಷ್ಟು ವರ್ಷಗಳಲ್ಲಿ ಆ ಸಾಲನ್ನು ಓದಿದ ಒಬ್ಬ ಮನುಷ್ಯನನ್ನೂ ನಾನು ನೋಡಿಲ್ಲ. ಬೀಗರ ಮನೆಗೆ ಕಳಿಸುವ ಉಂಡಿಗೆ ತುಪ್ಪ ಹೆಚ್ಚು ಬೀಳುವ ಹಾಗೆ ನಮ್ಮಲ್ಲಿಗೆ ಬರುವ ಕ್ಯೂಬಿಗೆ ಸಿಮೆಂಟು ಹೆಚ್ಚು ಬೀಳುತ್ತದೆ. ಕೆಲವು ಕ್ಯೂಬುಗಳ ಮೈ ಎಷ್ಟು ನುಣುಪಾಗಿರುತ್ತದೆಂದರೆ ಒಡೆಯಲು ಮನಸ್ಸಾಗುವುದಿಲ್ಲ. ಇಡೀ ಗೋದಾಮನ್ನು ಅದೇ ಕಾಂಕ್ರೀಟಿನಲ್ಲಿ ಕಟ್ಟಿದ್ದರೆ ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತಿತ್ತು.

ಮಾದರಿಯಿಂದ ಮೋಸಹೋಗುವುದು ಕಾಂಕ್ರೀಟಿನವರಷ್ಟೇ ಅಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಒಂದು ತಟ್ಟೆ ಉಪ್ಪಿಟ್ಟು ತಿಂದು ಹೋಗಿದ್ದರು. ಉಪ್ಪಿಟ್ಟು ಮಾಡಿದ್ದು ಅವ್ವ. ಉಪ್ಪಿಟ್ಟು ಪಾಸಾಯಿತು, ನಾನು ಫೇಲಾದೆ. ಆ ಫಲಿತಾಂಶದ ಕೆಳಗೂ ನಮ್ಮ ಲ್ಯಾಬಿನ ಸಾಲನ್ನು ಬರೆಯಬೇಕಿತ್ತು ಎಂದು ಆಗಾಗ ಅನ್ನಿಸುತ್ತದೆ.

ಅಪ್ಪನಿಗೆ ಮಾತ್ರ ಮಾದರಿಯ ವಿಷಯದಲ್ಲಿ ಯಾರೂ ಪಾಠ ಹೇಳುವಂತಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಅವನದು ದಲಾಲಿ ಅಂಗಡಿ. ರೈತರು ತಂದ ಚೀಲದ ಬಾಯಲ್ಲಿರುವ ಕಾಯನ್ನು ಅವನು ಕಣ್ಣೆತ್ತಿಯೂ ನೋಡುವುದಿಲ್ಲ. ಚೀಲದ ಬಾಯಿಗೆ ಯಾರಾದರೂ ಒಳ್ಳೆಯದನ್ನೇ ಇಡುತ್ತಾರೆ, ತಾನಾದರೂ ಅದನ್ನೇ ಇಡುತ್ತಿದ್ದೆ ಎನ್ನುತ್ತಾನೆ. ಮೊಳಕೈವರೆಗೆ ತೋಳು ಇಳಿಸಿ, ತಳದ ಮೂಲೆಗೆ ಹೋಗಿ, ಅಲ್ಲಿಂದ ಒಂದು ಹಿಡಿ ತೆಗೆಯುತ್ತಾನೆ. ಒಂದು ಕಾಯಿ ಮುರಿದು ಬೀಜ ನೋಡಿ, ಮೂಸಿ, ಇದು ಡಬ್ಬಿ ಜಾತಿಯದು, ಇದು ಕಡ್ಡಿ ಜಾತಿಯದು, ಇದಕ್ಕೆ ನೀರು ಹೊಡೆದಿದ್ದಾರೆ ಎಂದು ಹೇಳಿಬಿಡುತ್ತಾನೆ. ಹೇಳಿದ್ದು ಸುಳ್ಳಾಗುವುದು ಅಪರೂಪ. ಅವನ ಸ್ವಭಾವ ಕೆಟ್ಟಿದ್ದೇ ಅಷ್ಟು ಅಪರೂಪಕ್ಕೆ ತಪ್ಪುವುದರಿಂದ.

ಸ್ಲ್ಯಾಬಿಗೂ ಅವನು ಮಾಡಿದ್ದು ಅದನ್ನೇ. ಹಲಗೆ ಬಿಚ್ಚಿದ ದಿನ ಎಲ್ಲರೂ ನಡುಮನೆಯಲ್ಲಿ ನಿಂತು ಮೇಲೆ ನೋಡಿ ಚೆನ್ನಾಗಿದೆ ಎಂದರೆ, ಅಪ್ಪ ಏಣಿ ಹಾಕಿಕೊಂಡು ಪಡುವಣ ಮೂಲೆಯ ಅಂಚಿಗೆ ಹೋದ. ಅಲ್ಲಿ ಉಳಿಯಿಂದ ಕೆತ್ತಿ ಒಂದು ಹಿಡಿ ತೆಗೆದ.

"ಅಪ್ಪಾ, ಮೂಲಿಯೊಳಗ ಹಲಗಿ ಸಂದ್ಯಾಗಿಂದ ಸಿಮೆಂಟಿನ ಹಾಲು ಸೋರಿಹೋಗಿರ್ತೈತಿ," ಎಂದೆ. "ಅಲ್ಲಿ ಬರೇ ಖಡಿ ಉಳಿದಿರ್ತಾವ. ಇಡೀ ಸ್ಲ್ಯಾಬಿನ್ಯಾಗ ಅದಕ್ಕಿಂತ ಕೆಟ್ಟ ಜಾಗಾ ಇನ್ನೊಂದಿಲ್ಲ."

"ಕೆಟ್ಟ ಜಾಗಾನ ನೋಡ್ಬೇಕಲಾ ಮತ್ತ? ಚಲೋ ಜಾಗಾ ನೋಡಿ ಮೆಣಸಿನಕಾಯಿ ತಗೊಂಡಿದ್ರ ನೀ ಡಿಪ್ಲೊಮಾ ಓದ್ತಿದ್ದಿಲ್ಲ."

"ಮೆಣಸಿನಕಾಯಿ ಒಂದ ಹೊಲದ್ದು, ಎಲ್ಲಾ ಒಂದ ನಮೂನಿ ಇರ್ತಾವ. ಇದು ಹಂಗಲ್ಲ. ಈ ಹೆಂಟಿಯೊಳಗ ಖಡಿ ಎಷ್ಟ ಅದಾವ ನೋಡು, ಐದು ಕಲ್ಲು. ಐದು ಕಲ್ಲು ನೋಡಿ ಸ್ಲ್ಯಾಬ್ ಹೆಂಗೈತಿ ಅಂತ ಹೇಳಾಕ ಬರೂದಿಲ್ಲ."

ಅಪ್ಪ ಹೆಂಟೆಯನ್ನು ತಿರುವಿ ತಿರುವಿ ನೋಡಿದ. ಮೂಗಿನ ಹತ್ತಿರ ಒಯ್ದು ಮೂಸಿಯೂ ನೋಡಿದ. ಅವನ ಮುಖದಲ್ಲಿ ಗುಮಾನಿ ಒಂದಿಷ್ಟೂ ಕಡಿಮೆಯಾಗಲಿಲ್ಲ.

ನನಗೆ ನಿಜವಾಗಿ ಹೆದರಿಕೆಯಾಗಿದ್ದು ಸ್ಲ್ಯಾಬಿನದ್ದಲ್ಲ. ಅತ್ತೆಯದು. ಅಪ್ಪ ಸಣ್ಣವನಿದ್ದಾಗಲೇ ತಾಯಿ ಹೋದದ್ದರಿಂದ ಅವನನ್ನು ಸಾಕಿದ್ದು ಈ ಅಕ್ಕ. ಪ್ರತಿ ವರ್ಷ ನಾಗರ ಪಂಚಮಿಗೆ ಅಪ್ಪ ಹಲಗೇರಿಗೆ ಹೋಗಿ ಅವಳನ್ನು ತವರಿಗೆ ಕರೆತರುತ್ತಾನೆ. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾನೆ. ಅತ್ತೆ ತೂಕದ ಹೆಂಗಸು. ಕೊಂಬೆ ಕರಕರ ಎನ್ನುವಾಗ ನಾವೆಲ್ಲ ಉಸಿರು ಹಿಡಿದರೆ, ಅವಳು ಉಂಡಿ ಕಡಿಯುತ್ತ ಜೀಕುತ್ತಾಳೆ. ಮಹಡಿಗೆ ಮೆಟ್ಟಿಲು ಬೇಕಾಗಿ ಆ ಬೇವನ್ನು ಕಡಿಯಬೇಕಾಯಿತು. ಅತ್ತೆಗೆ ಸಿಟ್ಟು ಬಂತು. ಆಗ ಅಪ್ಪ ಹೊಸ ಸ್ಲ್ಯಾಬಿನಲ್ಲಿ ಎರಡು ಕಬ್ಬಿಣದ ಕೊಂಡಿ ಹಾಕಿಸುತ್ತೇನೆ, ಈ ಪಂಚಮಿಗೆ ಮೇಲಿನ ನಡುಮನೆಯಲ್ಲೇ ಜೀಕು ಎಂದು ಮಾತು ಕೊಟ್ಟಿದ್ದ. ಕೊಂಡಿಗಳನ್ನು ಮಾಮಾ ತಾವೇ ನಿಂತು ಕೂರಿಸಿದ್ದರು.

ಈಗ ಆ ಸ್ಲ್ಯಾಬನ್ನೇ ಒಡೆಸುತ್ತೇನೆ ಎಂಬ ಸುದ್ದಿ ಅಪ್ಪ ಬಸ್ ಹತ್ತುವ ಮೊದಲೇ ಹಲಗೇರಿ ತಲುಪಿತ್ತು. ಸಂಜೆ ಅತ್ತೆಯ ಫೋನು ಬಂತು.

"ಯವ್ವಾ, ನಿಮ್ಮಪ್ಪಗ ಹೇಳು. ಸ್ಲ್ಯಾಬ್ ಅವಂದು, ಒಡಸ್ಲಿ. ನನ್ನ ಗಂಡ ಕಟ್ಟಿದ್ದನ್ನ ಊರ ಮುಂದ ಒಡದ ಮನಿಗೆ ನಾ ಯಾವ ಮಾರಿ ಹೊತ್ತು ಪಂಚಮಿಗೆ ಬರ್ಲಿ? ಇನ್ನ ನನ್ನ ಕರಿಯಾಕ ಬರೂದು ಬ್ಯಾಡಂತ ಹೇಳು."

ಅವಳ ದನಿ ಗಟ್ಟಿಯಾಗಿತ್ತು, ಆದರೆ ಫೋನು ಇಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅದನ್ನು ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ಅಪ್ಪನಿಗೆ ಹೇಳಿದೆ. ಅವನು ಊಟ ಬಿಟ್ಟು ಎದ್ದ. ಆದರೂ ಸ್ಲ್ಯಾಬ್ ಒಡೆಸುವುದಿಲ್ಲ ಎನ್ನಲಿಲ್ಲ. ಇಂಥ ಹಟ ನಮ್ಮ ಮನೆತನಕ್ಕೆ ಬಂದ ಆಸ್ತಿ, ಅದರಲ್ಲಿ ನನಗೂ ಪಾಲಿದೆ.

ಮರುದಿನ ಮಾಮಾ ಲ್ಯಾಬಿಗೆ ಬಂದರು. ಅವರ ಕೈಯಲ್ಲೂ ಒಂದು ಮಾದರಿ ಇತ್ತು. ಸ್ಲ್ಯಾಬ್ ಹಾಕಿದ ದಿನ ತುಂಬಿದ್ದ ಕ್ಯೂಬುಗಳ ರಿಪೋರ್ಟು, ಕೆಳಗೆ ನನ್ನದೇ ಸಹಿ. ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಬಂದಿತ್ತು.

"ನೀನ ಒಡದೀದಿ, ನೀನ ಸಹಿ ಮಾಡೀದಿ," ಎಂದರು. "ಈಗ ನಿಮ್ಮಪ್ಪ ಉಳಿ ತಗೊಂಡ್ ಕೆತ್ತಿದ್ದು ಖರೇನೋ, ಇದು ಖರೇನೋ?"

ಎರಡೂ ಖರೆ ಎಂದು ಹೇಳಬೇಕಿತ್ತು. ಆದರೆ ಅವರ ಮುಖ ನೋಡಿದರೆ ಆ ಉತ್ತರಕ್ಕೆ ಅಲ್ಲಿ ಜಾಗವಿರಲಿಲ್ಲ. ಕ್ಯೂಬು ಯಾವಾಗ ತುಂಬಿಸಿದಿರಿ ಎಂದು ಮಾತ್ರ ಕೇಳಿದೆ. ಪೂಜೆ ಆಗಿ, ಕಾಯಿ ಒಡೆದು, ಮಿಕ್ಸರಿನಿಂದ ಬಿದ್ದ ಮೊದಲ ಮಾಲಿನಲ್ಲಿ ಎಂದರು. ಎಲ್ಲರೂ ತುಂಬುವುದು ಹಾಗೆಯೇ. ಕುಂಕುಮದ ಕೈಯಿಂದ ಬಿದ್ದ ಮೊದಲ ಮಾಲು ಯಾವಾಗಲೂ ಪಾಸಾಗುತ್ತದೆ.

ಸ್ಲ್ಯಾಬಿನ ಒಳಗಿನಿಂದಲೇ ಉದ್ದ ಕೊಳವೆಯಂಥ ತುಂಡು ಕೊರೆದು ತೆಗೆದು ಪರೀಕ್ಷಿಸೋಣ ಎಂದು ಇಬ್ಬರಿಗೂ ಹೇಳಿದೆ. ಅದಕ್ಕೆ ಕೋರ್ ಎನ್ನುತ್ತೇವೆ. ಅಪ್ಪ ಒಪ್ಪಿದ, ಆದರೆ ಒಡೆಸುತ್ತೇನೆ ಎಂದು ಕುಣಿಯುತ್ತಿದ್ದ ಮನುಷ್ಯನಿಗೆ ಹೊಸ ಸ್ಲ್ಯಾಬಿಗೆ ದೊಡ್ಡ ತೂತು ಬೀಳುವುದು ಇಷ್ಟವಾಗಲಿಲ್ಲ. ಒಂದೇ ತೂತು, ಅದೂ ಸಣ್ಣದು ಎಂದ. ನಾನು ಹಾವೇರಿಯಿಂದ ಮಷಿನ್ ತರಿಸುವ ಮೊದಲೇ ಬಚ್ಚಲಿನ ಪೈಪಿಗೆ ತೂತು ಕೊರೆಯುವವನನ್ನು ಕರೆಸಿ ಕೊರೆಸಿಯೂ ಬಿಟ್ಟ. ಹೆಬ್ಬೆರಳಿಗಿಂತ ತುಸು ದಪ್ಪ ಕೋರು ಬಂತು.

ಆ ಕೋರನ್ನು ನೋಡಿ ನಗು ಬಂತು. ಅದರ ಮುಕ್ಕಾಲು ಭಾಗ ಒಂದರ ಮೇಲೊಂದು ಕುಳಿತ ಖಡಿ ಕಲ್ಲುಗಳೇ. ಮಷಿನ್ನಿಗೆ ಇಟ್ಟರೆ ಮುಳ್ಳು ಏರುತ್ತಲೇ ಹೋಯಿತು. ನಾವು ಅಳೆದದ್ದು ದೇವರಗುಡ್ಡದ ಕಡೆಯ ಕ್ವಾರಿಯ ಬಂಡೆಯನ್ನು, ನಮ್ಮ ಸ್ಲ್ಯಾಬನ್ನಲ್ಲ. ಕೊರೆಯುವ ತುಂಡಿನ ಅಗಲ ಒಳಗಿನ ದೊಡ್ಡ ಕಲ್ಲಿಗಿಂತ ಮೂರು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಕಲ್ಲು ಸಿಕ್ಕರೆ ಕೋಟೆ, ಸಿಗದಿದ್ದರೆ ಹುಡಿ. ಇದನ್ನು ವಿವರಿಸುವಷ್ಟರಲ್ಲಿ ಮಾಮಾ ಆ ಫಲಿತಾಂಶವನ್ನು ಅರ್ಧ ಹಲಗೇರಿಗೆ ಹೇಳಿ ಮುಗಿಸಿದ್ದರು. ಅಪ್ಪ ತನ್ನ ಹೆಂಟೆಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದ. ಇಬ್ಬರಿಗೂ ತಮ್ಮ ತಮ್ಮ ಮಾದರಿ ಪಾಸಾಗಿತ್ತು.

ನನಗೆ ಸಿಟ್ಟು ಬಂತು. ಹಾವೇರಿಯಿಂದ ಸರಿಯಾದ ಕೋರ್ ಮಷಿನ್ ತರಿಸಿ, ಅಪ್ಪ ಅಂಗಡಿಗೆ ಹೋಗಿದ್ದಾಗ ಮೂರು ಕಡೆ ದಪ್ಪ ಕೋರು ತೆಗೆಸಿದೆ. ಮೂಡಣ ಕಡೆ ಒಂದು, ನಡುವೆ ಒಂದು, ಪಡುವಣ ಕಡೆ ಒಂದು. ತೂತುಗಳನ್ನು ನೋಡಿ ಅಪ್ಪ ಕೂಗಾಡಿದ. ಮೊದಲ ಎರಡು ಕೋರು ಗಟ್ಟಿಮುಟ್ಟಾಗಿದ್ದವು. ಪಡುವಣದ್ದು ಬೇಕಾದದ್ದಕ್ಕಿಂತ ಕಡಿಮೆಗೆ ಒಡೆಯಿತು. ಅದರ ಒಡಲಲ್ಲಿ ಸಾಸಿವೆಯಂಥ ಗಾಳಿಗುಳಿಗಳು, ಸಿಮೆಂಟಿನ ಬಣ್ಣ ತುಸು ಬೆಳ್ಳಗೆ. ಮಾಲಿಗೆ ನೀರು ಹೆಚ್ಚಾದಾಗ ಹೀಗಾಗುತ್ತದೆ.

"ಕಡೀಕ ಯಾವುದು ಖರೇ?" ಎಂದು ಅಪ್ಪ ಕೇಳಿದ. "ಒಂದ ಮಾತಿನ್ಯಾಗ ಹೇಳು."

"ಒಂದ ಮಾತಿನ್ಯಾಗ ಹೇಳುವಂಥಾ ಸ್ಲ್ಯಾಬ್ ಅಲ್ಲಿದು," ಎಂದೆ. ಅದು ಅವನಿಗೆ ಸಮಾಧಾನ ತರಲಿಲ್ಲ.

ಆ ಭಾನುವಾರ ಮೇಲಿನ ನಡುಮನೆಯಲ್ಲಿ ನಿಂತು ಸ್ಲ್ಯಾಬಿನ ಕೆಳಮೈಯನ್ನು ಬಹಳ ಹೊತ್ತು ನೋಡಿದೆ. ನಡುವಿನಿಂದ ತುಸು ಪಡುವಣಕ್ಕೆ, ಗೋಡೆಯಿಂದ ಗೋಡೆಗೆ, ತೆಳ್ಳಗೆ ಒಂದು ಗೆರೆ ಇತ್ತು. ಮೂಡಣ ಕಡೆ ಒಂದು ಬಣ್ಣ, ಪಡುವಣ ಕಡೆ ಇನ್ನೊಂದು. ಕೆಲಸ ನಡುವೆ ನಿಂತು ಮತ್ತೆ ಶುರುವಾದಾಗ ಮೂಡುವ ಗೆರೆ ಅದು. ಜೋಕಾಲಿಯ ಒಂದು ಕೊಂಡಿ ಗೆರೆಯ ಈಚೆಗಿತ್ತು, ಇನ್ನೊಂದು ಆಚೆಗೆ. ಸ್ಲ್ಯಾಬ್ ಹಾಕಿದ ದಿನ ನಾನು ರಾಣೆಬೆನ್ನೂರಿನಲ್ಲಿ ಬೇರೆ ಯಾರದೋ ಕ್ಯೂಬು ಒಡೆಯುತ್ತಿದ್ದೆ. ಆದ್ದರಿಂದ ಕೆಳಗೆ ಹೋಗಿ ಅವ್ವನನ್ನು ಕೇಳಿದೆ.

"ಸ್ಲ್ಯಾಬ್ ಹಾಕೂಮುಂದ ಕೆಲಸ ನಡುವ ನಿಂತಿತ್ತೇನ ಬೇ?"

"ನಿಲ್ಲದ ಏನ್ ಮಾಡ್ತೈತಿ? ಊಟಾ ಮಾಡೂದು ಬ್ಯಾಡೇನ?" ಎಂದಳು ಅವ್ವ, ಮತ್ತು ಸಂತೋಷದಿಂದ ಹೇಳತೊಡಗಿದಳು. ಗೋದಿ ಹುಗ್ಗಿ ಮಾಡಿದ್ದಳಂತೆ, ಹಾಲು, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಸಾರು. ಮಾಮಾ ಮೇಲಿನಿಂದ, ಇನ್ನು ಅರ್ಧ ಉಳಿದಿದೆ, ಮುಗಿಸಿಯೇ ಉಣ್ಣೋಣ ಎಂದು ಕೂಗಿದರಂತೆ. ಅಪ್ಪ ಕೇಳಬೇಕಲ್ಲ. ನಮ್ಮ ಮನೆಯಲ್ಲಿ ಬಿಸಿಯಾದದ್ದು ಆರಬಾರದು, ಅದು ಅಪ್ಪನ ಮೊದಲ ಕಾಯಿದೆ. "ಹುಗ್ಗಿ ಆರ್ತೈತಿ, ಇಳೀರಿ ಕೆಳಗ" ಎಂದು ತಾನೇ ಏಣಿ ಹತ್ತಿ ಗೌಂಡಿಗಳ ಕೈಯಿಂದ ಬುಟ್ಟಿ ಕಸಿದು ಎಲ್ಲರನ್ನೂ ಇಳಿಸಿದನಂತೆ.

"ಮತ್ತ ಮಾಮಾ?"

"ಅವ್ರು ಈ ಮನಿ ಅಳ್ಯಾ ಅಲ್ಲೇನ? ಅವರನ್ನ ಮೊದಲ ಪಂಕ್ತಿಯೊಳಗ ನಡುವ ಕುಂದರಸಿದ್ವಿ. ಎರಡ ಸಲ ಏಳಾಕ ನೋಡಿದ್ರು. ನಿಮ್ಮಪ್ಪ ಭುಜಾ ಹಿಡದ ಕುಂದರಸಿದಾ. ನಿಮ್ಮತ್ತಿ ಮೂರನೇ ಸವಟು ಹುಗ್ಗಿ ಹಾಕಿದ್ಲು. ಅಳ್ಯಾ ಹೆಂಡ್ತಿ ತವರು ಮನ್ಯಾಗ ಎಲಿಯೊಳಗ ಬಿಟ್ಟ ಏಳ್ತಾನೇನ?"

ಎಲೆಯಲ್ಲಿ ಬಿಟ್ಟು ಏಳುವಂತಿಲ್ಲ, ಅದು ನನಗೂ ಗೊತ್ತು. ಹೆಂಡತಿಯ ತವರಿನಲ್ಲಿ ಗುತ್ತಿಗೆದಾರ ಎಂಬ ಮನುಷ್ಯ ಇರುವುದಿಲ್ಲ, ಅಳಿಯ ಮಾತ್ರ ಇರುತ್ತಾನೆ. ಬೇಸಿಗೆಯ ನಡು ಮಧ್ಯಾಹ್ನ, ಮೇಲೆ ಕಲಸಿಟ್ಟ ಮಾಲು ಬಿಸಿಲಿಗೆ ಗಟ್ಟಿಯಾಗುತ್ತಿದ್ದರೆ ಕೆಳಗೆ ಮಾಮಾ ತುಪ್ಪದಲ್ಲಿ ಮುಳುಗಿದ ಹುಗ್ಗಿಯ ಮುಂದೆ ಕೈಕಟ್ಟಿ ಹಾಕಿಸಿಕೊಂಡು ಕುಳಿತಿದ್ದರು. ಅವರು ಕೈ ತೊಳೆಯುವ ಮೊದಲೇ ಉಂಡು ಎದ್ದ ಯಾರೋ ಗಟ್ಟಿಯಾದ ಮಾಲಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ಸಡಿಲ ಮಾಡಿಯಾಗಿತ್ತು. ಹೀಗೆ ನಮ್ಮ ಮನೆಯ ಮೇಲೆ ಎರಡು ಸ್ಲ್ಯಾಬುಗಳಿವೆ. ಒಂದು ಊಟದ ಮುಂಚಿನದು, ಒಂದು ಊಟದ ನಂತರದ್ದು.

ಹಲಗೇರಿಗೆ ಹೋಗಿ ಮಾಮಾನನ್ನು ಕೇಳಿದೆ, ಇದನ್ನು ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು. ಅವರು ಒಳಗೆ ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದರು.

"ಏನಂತ ಹೇಳ್ಲಿ ಯವ್ವಾ? ನೀವು ಊಟಕ್ಕ ಹಾಕಿದ್ದಕ್ಕ ಸ್ಲ್ಯಾಬ್ ಕೆಟ್ಟಿತು ಅನ್ಲೇನು? ಬಡಿಸಿದಾಕಿ ನಿಮ್ಮತ್ತಿ. ತವರಿನ ಮನಿ ನನ್ನ ಕೈಲೆ ಕೆಟ್ಟಿತು ಅಂತ ಆಕಿ ಮನಸ್ಸಿಗೆ ಹಚ್ಚಿಕೊಳ್ತಾಳ. ಅದಕ್ಕಿಂತ ನನ್ನ ಕೆಲಸಾ ಹುಳುಕು ಅನಿಸಿಕೊಳ್ಳೂದ ಚಲೋ. ಒಡಸ್ರಿ, ನನ್ನ ಖರ್ಚಿಲೆ ಮತ್ತ ಹಾಕಿಕೊಡ್ತೀನಿ."

ಮಾಮಾನನ್ನು ನಾನು ಅದುವರೆಗೆ ಬಾಯಿಬಡುಕ ಗುತ್ತಿಗೆದಾರ ಎಂದೇ ತಿಳಿದಿದ್ದೆ. ಮದುವೆ ಮುಂಜಿಯಲ್ಲಿ ಸಿಕ್ಕಾಗ ಸಿಮೆಂಟಿನ ರೇಟು ಬಿಟ್ಟು ಬೇರೆ ಮಾತಾಡಿದವರಲ್ಲ. ಅವರನ್ನು ಅಳೆಯಲು ನಾನು ಇಟ್ಟುಕೊಂಡಿದ್ದ ಮಾದರಿ ಎಷ್ಟು ಸಣ್ಣದಾಗಿತ್ತು ಎಂದು ಬಸ್ಸಿನಲ್ಲಿ ಕುಳಿತಾಗ ಅನ್ನಿಸಿತು. ಕಣ್ಣು ಒದ್ದೆಯಾಯಿತು, ಪಕ್ಕದ ಸೀಟಿನವಳು ಕಿಟಕಿ ಹಾಕಿಕೊಳ್ಳಿ, ಧೂಳು ಎಂದಳು.

ಕೋರುಗಳಿಂದ ತೀರ್ಮಾನ ಆಗದಿದ್ದರೆ ಉಳಿಯುವ ದಾರಿ ಒಂದೇ, ಇಡೀ ಸ್ಲ್ಯಾಬನ್ನೇ ಮಾದರಿ ಮಾಡುವುದು. ಅದರ ಮೇಲೆ ಲೆಕ್ಕದ ಭಾರ ಹೇರಿ ಒಂದು ಹಗಲು ಒಂದು ರಾತ್ರಿ ಬಿಟ್ಟು, ಎಷ್ಟು ಬಾಗಿತು, ಭಾರ ಇಳಿಸಿದ ಮೇಲೆ ಎಷ್ಟು ಹಿಂದಕ್ಕೆ ಬಂತು ಎಂದು ನೋಡುವುದು. ಅಪ್ಪನಿಗೆ ಈ ಪರೀಕ್ಷೆ ಹಿಡಿಸಿತು. ಇಡೀ ಚೀಲವನ್ನೇ ಸುರಿದು ನೋಡಿದ ಹಾಗೆ ಎಂದ.

"ಹಂಗಾರ ಅಂಗಡ್ಯಾಗಿನ ಮೆಣಸಿನಕಾಯಿ ಚೀಲಾ ಏರಸೂಣು. ನಮ್ಮ ಮಾಲು, ನಮ್ಮ ಸ್ಲ್ಯಾಬು."

ಲೆಕ್ಕ ಹಾಕಿ ತೋರಿಸಿದೆ. ಒಣಮೆಣಸಿನಕಾಯಿಯಿಂದ ಅಷ್ಟು ಭಾರ ಬರಬೇಕೆಂದರೆ ಚೀಲಗಳನ್ನು ಇನ್ನೊಂದು ಮಹಡಿಯಷ್ಟು ಎತ್ತರಕ್ಕೆ ಒಟ್ಟಬೇಕಾಗುತ್ತಿತ್ತು. ಜೀವಮಾನವಿಡೀ ಭಾರದ ವ್ಯಾಪಾರ ಮಾಡಿದವನಿಗೆ ತನ್ನ ಸರಕು ಇಷ್ಟು ಹಗುರ ಎಂದು ತಿಳಿದು ಮುಖ ಸಪ್ಪಗಾಯಿತು. ಕೊನೆಗೆ ಅಂಗಡಿಯ ಖಾಲಿ ಚೀಲಗಳಿಗೆ ಉಸುಕು ತುಂಬಿಸಿದೆವು. ಮಾರುಕಟ್ಟೆಯ ಹಮಾಲರೇ ಬಂದರು. ಚೀಲ ನೋಡಿ ಮೆಣಸಿನಕಾಯಿ ಎಂಬ ರೂಢಿಯಲ್ಲಿ ಒಂದೇ ಎಳೆತಕ್ಕೆ ಎತ್ತಲು ಹೋಗಿ ಬೈದುಕೊಂಡರು. ಉಸುಕು ಒಟ್ಟಿದಂತೆಲ್ಲ ಚೀಲದ ಎಳೆಗಳಲ್ಲಿ ಕೂತಿದ್ದ ಘಾಟು ಏಳತೊಡಗಿ ಓಣಿಯೆಲ್ಲ ಸೀನಿತು. ನಮ್ಮ ಮನೆಯ ಗಟ್ಟಿತನವನ್ನು ಬ್ಯಾಡಗಿ ಮೂಗಿನಿಂದ ಪರೀಕ್ಷಿಸಿದ ದಿನ ಅದು.

ಸ್ಲ್ಯಾಬಿನ ಕೆಳಗೆ, ಮೇಲಿನ ನಡುಮನೆಯಲ್ಲಿ, ಅದಕ್ಕೆ ತಾಗುವಂತೆ ಮುಳ್ಳಿನ ಗಡಿಯಾರದಂಥ ಸಾಧನ ನಿಲ್ಲಿಸಿದ್ದೆ. ಕೂದಲೆಳೆಯಷ್ಟು ಬಾಗಿದರೂ ಅದು ತೋರಿಸುತ್ತದೆ. ಅಕಸ್ಮಾತ್ ಬಿದ್ದರೆ ಎಂದು ಸುತ್ತಲೂ ಕಂಬಗಳನ್ನು ಸ್ಲ್ಯಾಬಿಗಿಂತ ಎರಡು ಬೆರಳು ಕೆಳಗೆ ನಿಲ್ಲಿಸಲು ಹೇಳಿದ್ದೆ. ಅಷ್ಟು ನಂಬಿಕೆ ಇಲ್ಲದಿದ್ದರೆ ಯಾಕೆ ಪರೀಕ್ಷೆ ಎಂದು ಅಪ್ಪ ಕುಟುಕಿದ. ಆಮೇಲೆ ಕಂಬಗಳ ನಡುವೆ ಸ್ಟೂಲು ಹಾಕಿಕೊಂಡು, ಬೇಡವೆಂದರೂ ಕೇಳದೆ, ಮುಳ್ಳನ್ನೇ ನೋಡುತ್ತ ಕುಳಿತ. ಮುಳ್ಳು ತುಸು ಸರಿಯಿತು, ನಿಂತಿತು. ನೋಡಿ ನೋಡಿ ಕುತ್ತಿಗೆ ನೋವು ಬಂದು ಅವನು ತಲೆಯನ್ನು ಹಿಂದಕ್ಕೆ ಚಾಚಿದಾಗ ಆ ಗೆರೆ ಕಣ್ಣಿಗೆ ಬಿತ್ತು.

"ಇದೇನಿದು ಗೀಟು?"

"ಇಲ್ಲೀತನಕ ಹಾಕಿ ಕೆಲಸ ನಿಲ್ಲಿಸಿದ್ರು."

"ಯಾವಾಗ?"

"ಊಟಕ್ಕ."

ಅಪ್ಪ ಗೆರೆಯ ಗುಂಟ ಕಣ್ಣು ಹರಿಸಿದ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ. ಆಮೇಲೆ ತಾನು ಕೆತ್ತಿದ್ದ ಮೂಲೆಯನ್ನು ನೋಡಿದ. ಅದು ಗೆರೆಯ ಆಚೆಗಿತ್ತು. ಅವನ ಮೀಸೆ ಎರಡು ಸಲ ಅಲುಗಿತು. ಆ ದಿನ ಮತ್ತೆ ಅವನು ಮುಳ್ಳಿನ ಕಡೆ ನೋಡಲಿಲ್ಲ.

ಮರುದಿನ ಚೀಲ ಇಳಿಸಿದೆವು. ಸ್ಲ್ಯಾಬ್ ಬಾಗಿದ್ದರಲ್ಲಿ ಹೆಚ್ಚುಪಾಲು ಹಿಂದಕ್ಕೆ ಬಂತು, ಎಷ್ಟು ಬರಬೇಕೋ ಅದಕ್ಕಿಂತ ಹೆಚ್ಚೇ ಬಂತು. ಪಡುವಣ ಅಂಚನ್ನಷ್ಟೇ ಕೆತ್ತಿ ಹೊಸದಾಗಿ ಕಟ್ಟಿದರೆ ಸಾಕು ಎಂದು ಬರೆದುಕೊಟ್ಟೆ. ಕೆಳಗೆ ನಮ್ಮ ಸಣ್ಣ ಅಕ್ಷರದ ಸಾಲೂ ಇತ್ತು, ಮಾದರಿಗೆ ಮಾತ್ರ ಅನ್ವಯ ಎಂದು. ಈ ಸಲ ಮಾದರಿ ಇಡೀ ಸ್ಲ್ಯಾಬೇ ಆಗಿದ್ದರಿಂದ ಆ ಸಾಲಿಗೂ ಏನು ಮಾಡಬೇಕು ಎಂದು ತಿಳಿದಿರಲಿಕ್ಕಿಲ್ಲ.

ಪಂಚಮಿ ಹತ್ತಿರ ಬಂದಾಗ ಅಪ್ಪ ನನ್ನನ್ನೂ ಕರೆದುಕೊಂಡು ಹಲಗೇರಿಗೆ ಹೊರಟ. ಸ್ಲ್ಯಾಬ್ ತಂದಿದ್ದ ಅದೇ ಕೈಚೀಲ, ಈಗ ಅದರಲ್ಲಿ ಅತ್ತೆಗೆ ಕುಪ್ಪಸದ ಖಣ, ಹೂವು, ಬಾಳೆಹಣ್ಣು. ಮಾಮಾ ಕಟ್ಟೆಯ ಮೇಲೆ ಕುಳಿತಿದ್ದರು. ಬರ್ರಿ ಎಂದರು, ಕುಂದ್ರಿ ಎನ್ನಲಿಲ್ಲ. ಅಪ್ಪ ನಿಂತೇ ಇದ್ದ. ಚೀಲದ ಹಿಡಿಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಮಾಮಾ," ಎಂದ. "ಅವತ್ತ ಕೆಲಸ ನಿಲ್ಲಿಸಿದಾಂವ ನಾನ್ರಿ."

ಮಾಮಾ ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದರು.

"ಹುಗ್ಗಿ ಚಲೋ ಆಗಿತ್ತ ಬಿಡಪಾ," ಎಂದರು.

ಒಳಗಿನಿಂದ ಅತ್ತೆಯ ದನಿ ಬಂತು. "ಮೂರನೇ ಸವಟು ಹಾಕಿದಾಕಿ ನಾನು. ನನ್ನ ಕಾಯಾಕ ಹೋಗಿ ಬಾಯಿ ಮುಚಗೊಂಡಿದ್ರು. ಗೋಡಿಗೆ ಕಿವಿ ಇರ್ತಾವಂತ ಮನಿ ಕಟ್ಟಾವ್ರಿಗೇ ಗೊತ್ತಿಲ್ಲ." ಮಾಮಾ ತಲೆ ತಗ್ಗಿಸಿದರು. ಅವಳ ಚೀಲ ಆಗಲೇ ಬಾಗಿಲ ಹಿಂದೆ ತಯಾರಿತ್ತು.

ಪಂಚಮಿಯ ದಿನ ಎರಡು ಕೊಂಡಿಗೂ ಹಗ್ಗ ಬಿಗಿದು ಅಪ್ಪ ತಾನೇ ಜೋಕಾಲಿ ಕಟ್ಟಿದ, ಒಂದು ಹಗ್ಗ ಊಟದ ಮುಂಚಿನ ಸ್ಲ್ಯಾಬಿಗೆ, ಒಂದು ಊಟದ ನಂತರದ್ದಕ್ಕೆ. ಅತ್ತೆ ಹಲಗೆಯ ಮೇಲೆ ಕುಳಿತಾಗ ಮಾಮಾ ಕೊಂಡಿ ನೋಡಿದರು, ನಾನೂ ನೋಡಿದೆ. ಇಷ್ಟೆಲ್ಲ ಪರೀಕ್ಷೆ ಮಾಡಿದವಳೂ ಒಂದು ಹೆಜ್ಜೆ ಹಿಂದೆ ಸರಿದೆ. ಹಗ್ಗ ಒಮ್ಮೆ ಬಿಗಿದು ಸುಮ್ಮನಾಯಿತು. ಅತ್ತೆ ಕಾಲಿನಿಂದ ನೆಲ ಒದ್ದು ಜೀಕಿದಳು. ಸೆರಗು ಹಾರಿತು, ಅಪ್ಪ ಹಿಂದೆ ನಿಂತು ಹಗ್ಗ ತಳ್ಳಿದ. ಸಣ್ಣವನಿದ್ದಾಗ ತನ್ನನ್ನು ಅವಳು ಹೀಗೇ ತಳ್ಳುತ್ತಿದ್ದಳೆಂದು ಅವನು ಒಂದೆರಡು ಸಲ ಹೇಳಿದ್ದುಂಟು.

ಕೆಳಗಿನಿಂದ ಅವ್ವ ಕೂಗಿದಳು. "ಕಡಬು ಇಳಿಸೇನಿ. ಬಿಸಿ ಅದಾವು, ಆರ್ತಾವು. ಲಗೂ ಬರ್ರಿ."

ಅತ್ತೆ ಕಾಲು ಊರಿ ಇಳಿಯಲು ನೋಡಿದಳು. ಅಪ್ಪ ಹಗ್ಗ ಬಿಡಲಿಲ್ಲ.

"ಆರ್ಲಿ ಬಿಡ," ಎಂದು ಕೆಳಗೆ ಕೂಗಿ ಹೇಳಿದ. "ಅಕ್ಕ ಇನ್ನೂ ಜೀಕಾಕತ್ತಾಳ."